ಯಾವುದಕ್ಕೆ ನೇರ?

ಪಿಯಾನೋ ರಿಪೇರಿ ಮಾಡುವವರ ಚೀಲದಲ್ಲಿ ಸ್ಕ್ರೂಡ್ರೈವರ್, ಇಕ್ಕಳ, ಸ್ಟೀಲ್ ಸ್ಕೇಲುಗಳ ಜೊತೆಗೆ ಒಂದು ಪುಟ್ಟ ಸ್ಪಿರಿಟ್ ದೀಪ ಇರುವುದುಂಟು. ಈಗೀಗ ಅದರ ಜಾಗಕ್ಕೆ ಸಣ್ಣ ಮೂತಿಯ ಹೀಟ್ ಗನ್ ಬಂದಿದೆ. ಕೆಲಸ ಮಾತ್ರ ಹಳೆಯದೇ. ಪಿಯಾನೋದ ಒಳಗೆ ತಂತಿಗೆ ಬಡಿಯುವ ಪ್ರತಿಯೊಂದು ಸುತ್ತಿಗೆಯೂ ಪೆನ್ಸಿಲಿಗಿಂತ ತೆಳುವಾದ ಮರದ ಕಡ್ಡಿಯೊಂದರ ತುದಿಯಲ್ಲಿ ಕೂತಿರುತ್ತದೆ. ಕಸುಬಿನವರು ಆ ಕಡ್ಡಿಯನ್ನು ಶ್ಯಾಂಕ್ ಎನ್ನುತ್ತಾರೆ. ಶ್ಯಾಂಕ್ ಒಂದಿಷ್ಟೇ ತಿರುಚಿಕೊಂಡರೂ ತುದಿಯ ಸುತ್ತಿಗೆ ಓರೆಯಾಗಿ ನಿಲ್ಲುತ್ತದೆ. ಆಗ ತಂತ್ರಜ್ಞರು ದೀಪ ಹಚ್ಚಿ, ಮರ ಕರಿಯಾಗದಂತೆ ಕಡ್ಡಿಗೆ ಬಿಸಿ ಕೊಡುತ್ತಾರೆ. ಮರದ ನಾರುಗಳನ್ನು ಬೆಸೆದು ಹಿಡಿದಿರುವ ಲಿಗ್ನಿನ್ ಬಿಸಿಗೆ ಸಡಿಲವಾಗುತ್ತದೆ. ಆ ಗಳಿಗೆ ನೋಡಿಕೊಂಡು ಸುತ್ತಿಗೆಯನ್ನು ಮೆಲ್ಲಗೆ ತಿರುಗಿಸಿ, ಕಡ್ಡಿ ಆರುವವರೆಗೂ ಬಿಡದೆ ಹಿಡಿದಿರುತ್ತಾರೆ. ಆರಿದ ಮೇಲೆ ಮರ ಹೊಸ ನಿಲುವನ್ನು ತನ್ನದಾಗಿಸಿಕೊಂಡಿರುತ್ತದೆ.

ಇದೇ ಕೆಲಸ ಬೌದ್ಧರ ಮಹಾಜನಕ ಜಾತಕದಲ್ಲೂ ಬರುತ್ತದೆ. ಮಿಥಿಲೆಯ ರಾಜ ಮಹಾಜನಕ ರಾಜ್ಯ ತೊರೆದು ಹೊರಟಿದ್ದಾನೆ. ಬೇಡವೆಂದರೂ ರಾಣಿ ಸೀವಲಿ ಬೆನ್ನು ಹತ್ತಿ ಬರುತ್ತಿದ್ದಾಳೆ. ದಾರಿಯಲ್ಲಿ ಸಿಕ್ಕ ಊರಲ್ಲಿ ಬಾಣ ಮಾಡುವವನೊಬ್ಬ ಕಡ್ಡಿಯನ್ನು ಕೆಂಡದಲ್ಲಿ ಕಾಯಿಸಿ, ಹುಳಿಗಂಜಿಯಲ್ಲಿ ತೋಯಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡುತ್ತ ನೆಟ್ಟಗೆ ಮಾಡುತ್ತಿದ್ದಾನೆ. ಒಂದೇ ಕಣ್ಣಿನಲ್ಲಿ ನೋಡುವುದೇಕೆ ಎಂದು ರಾಜ ಕೇಳುತ್ತಾನೆ. ಎರಡೂ ಕಣ್ಣು ತೆರೆದರೆ ನೋಟ ಹರಡಿಹೋಗುತ್ತದೆ, ಡೊಂಕು ಎಲ್ಲಿದೆ ಎಂಬುದು ಹತ್ತುವುದಿಲ್ಲ ಎಂಬ ಅರ್ಥದ ಉತ್ತರ ಬರುತ್ತದೆ. ಮಹಾಜನಕನಿಗೆ ಅಷ್ಟೇ ಸಾಕಾಗುತ್ತದೆ. ಕೇಳಿದೆಯಲ್ಲ, ಇನ್ನು ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ ಎಂದು ಹೆಂಡತಿಗೆ ಹೇಳುತ್ತಾನೆ.

ಬಾಣ ಮಾಡುವವನು ನಮ್ಮ ಧರ್ಮಗ್ರಂಥಗಳಿಗೆ ಮತ್ತೆ ಮತ್ತೆ ಬೇಕಾದವನು. ಅತ್ತಿತ್ತ ಓಡುವ ಮನಸ್ಸನ್ನು ವಿವೇಕಿ ನೆಟ್ಟಗೆ ಮಾಡುವ ಬಗೆಗೆ ಧಮ್ಮಪದ ಅವನನ್ನೇ ಉಪಮಾನವಾಗಿ ತರುತ್ತದೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತ ಹೇಳುವ ಇಪ್ಪತ್ತನಾಲ್ಕು ಗುರುಗಳಲ್ಲಿ ಅವನೂ ಒಬ್ಬ. ಬಾಣದಲ್ಲೇ ಮುಳುಗಿದ ಅವನಿಗೆ ಪಕ್ಕದಲ್ಲೇ ರಾಜ ಹಾದುಹೋದದ್ದೂ ಗೊತ್ತಾಗಲಿಲ್ಲ. ಎಲ್ಲ ಕಡೆಯೂ ಹೊಮ್ಮುವ ಅರ್ಥ ಒಂದೇ: ತನ್ನ ಡೊಂಕನ್ನು ತಿದ್ದಿಕೊಳ್ಳುವ ಕೆಲಸ ಒಬ್ಬಂಟಿಯಾಗಿ, ಹೊರಗಿನದನ್ನೆಲ್ಲ ಮುಚ್ಚಿ ನಡೆಯಬೇಕಾದದ್ದು.

ಬಾಣದ ಮಟ್ಟಿಗೆ ಈ ಮಾತು ನಿಜ. ಅದು ಒಂಟಿಯಾಗಿ ಹಾರುತ್ತದೆ, ಅದರ ನೇರ ಅದರಲ್ಲೇ ಇರುತ್ತದೆ, ಕಣ್ಣಿನ ಮಟ್ಟಕ್ಕೆ ಹಿಡಿದರೆ ತಿಳಿದುಹೋಗುತ್ತದೆ. ಪಿಯಾನೋದ ಶ್ಯಾಂಕ್ ಹಾಗಲ್ಲ. ಬಿಚ್ಚಿ ಮೇಜಿನ ಮೇಲಿಟ್ಟ ಒಂಟಿ ಶ್ಯಾಂಕನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ತನ್ನ ಜಾಗದಲ್ಲಿ ನೇರವಾಗಿ ನಡೆದುಕೊಂಡೀತೇ ಎಂದು ಹೇಳಲು ಬರುವುದಿಲ್ಲ. ಎರಡು ಕಡೆಯೂ ಬಳಸುವುದು ಅದೇ ಮರ, ಅದೇ ಬೆಂಕಿ, ಅದೇ ತಾಳ್ಮೆ. ಆದರೂ ನೇರವೆಂದರೇನು ಎಂಬ ಪ್ರಶ್ನೆಗೆ ಇಬ್ಬರೂ ಕೊಡುವ ಉತ್ತರ ಬೇರೆ. ಆತ್ಮಸಂಸ್ಕಾರದ ಬಗ್ಗೆ ಯೋಚಿಸುವವರಿಗೆ ಈ ಎರಡನೆಯ ಉತ್ತರವೂ ಬೇಕು.

ಪಿಯಾನೋ ಹುಟ್ಟಿದ್ದು 1700ರ ಆಸುಪಾಸಿನಲ್ಲಿ, ಇಟಲಿಯ ಫ್ಲಾರೆನ್ಸಿನಲ್ಲಿ. ಮೆಡಿಚಿ ಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ, ತಂತಿಯನ್ನು ಮೀಟುವ ಹಾರ್ಪ್ಸಿಕಾರ್ಡಿನ ಬದಲಿಗೆ ತಂತಿಗೆ ಸುತ್ತಿಗೆ ಬಡಿಯುವ ವಾದ್ಯ ಕಟ್ಟಿದ. ಅವನ ಕೈಯ ಮೂರು ಪಿಯಾನೋಗಳು ಇಂದಿಗೂ ಉಳಿದಿವೆ: 1720ರದು ನ್ಯೂಯಾರ್ಕಿನಲ್ಲಿ, 1722ರದು ರೋಮಿನಲ್ಲಿ, 1726ರದು ಲೈಪ್‌ಜಿಗ್‌ನಲ್ಲಿ. ಈಗಿನ ಪಿಯಾನೋದಲ್ಲಿ 88 ಮನೆಗಳು, 88 ಸುತ್ತಿಗೆಗಳು. ತಂತಿಗಳು ಮಾತ್ರ ಇನ್ನೂರಕ್ಕೂ ಹೆಚ್ಚು. ತೀರ ತಗ್ಗಿನ ಸ್ವರಗಳಿಗೆ ಒಂದೊಂದೇ ದಪ್ಪ ತಂತಿ, ಆಮೇಲಿನವಕ್ಕೆ ಎರಡೆರಡು, ನಡುವಿನಿಂದ ಮೇಲಕ್ಕೆ ಮೂರು ಮೂರು. ಮೂರು ತಂತಿಗಳ ಸ್ವರದಲ್ಲಿ ಸುತ್ತಿಗೆ ಮೂರನ್ನೂ ಒಂದೇ ಗಳಿಗೆಯಲ್ಲಿ, ಒಂದೇ ಬಲದಲ್ಲಿ ಮುಟ್ಟಬೇಕು. ಒಂದು ತಂತಿ ತಪ್ಪಿದರೆ ಅಥವಾ ತಡವಾದರೆ ಸ್ವರ ಸೊರಗುತ್ತದೆ, ಇಲ್ಲವೇ ಒಡಕಾಗುತ್ತದೆ. ಗ್ರ್ಯಾಂಡ್ ಪಿಯಾನೋದ ಎಡಗಡೆಯ ಪೆಡಲ್ ಒತ್ತಿದಾಗ ಇಡೀ ಕೀಲಿಮಣೆ ಸುತ್ತಿಗೆಗಳ ಸಮೇತ ಬಲಕ್ಕೆ ಒಂದಿಷ್ಟು ಸರಿದು, ಮೂರು ತಂತಿಗಳಲ್ಲಿ ಒಂದನ್ನು ಬಿಟ್ಟು ಬಡಿಯುತ್ತದೆ. ಸುತ್ತಿಗೆಗಳ ನಡುವಣ ಅಂತರ ಏರುಪೇರಾಗಿದ್ದರೆ ಆ ಪೆಡಲಿನಲ್ಲಿ ಒಂದು ಸ್ವರ ಮೃದುವಾಗುತ್ತದೆ, ಪಕ್ಕದ ಸ್ವರ ಹಾಗೇ ಗಟ್ಟಿಯಾಗಿ ಉಳಿಯುತ್ತದೆ.

ಶ್ಯಾಂಕ್ ತನ್ನ ಬುಡದಲ್ಲಿ ಫ್ಲ್ಯಾಂಜ್ ಎಂಬ ಪುಟ್ಟ ಮರದ ತುಂಡಿಗೆ ಸೇರಿಕೊಂಡಿರುತ್ತದೆ. ನಡುವೆ ಉಣ್ಣೆಬಟ್ಟೆಯ ಒಳಪದರದಲ್ಲಿ ಆಡುವ ಲೋಹದ ಪಿನ್ನು, ಅದೇ ಅಚ್ಚು. ಸಾಲಾಗಿ ಕೂತ ಫ್ಲ್ಯಾಂಜುಗಳನ್ನು ಒಂದು ಉದ್ದನೆಯ ಪಟ್ಟಿಗೆ ಸ್ಕ್ರೂನಿಂದ ಬಿಗಿದಿರುತ್ತಾರೆ. ಇಷ್ಟು ಗೊತ್ತಾದರೆ ಸುತ್ತಿಗೆ ಎಷ್ಟು ಬಗೆಯಲ್ಲಿ ಓರೆಯಾದೀತು ಎಂಬುದೂ ಗೊತ್ತಾಗುತ್ತದೆ. ಅದು ತಂತಿಗಳ ನಡುಮಧ್ಯಕ್ಕೆ ಬಾರದೆ ಒಂದು ಪಕ್ಕಕ್ಕೆ ಸರಿದು ನಿಂತಿರಬಹುದು. ಆಗ ಸ್ಕ್ರೂ ಸಡಿಲಿಸಿ ಫ್ಲ್ಯಾಂಜನ್ನು ತುಸು ಸರಿಸಿ ಬಿಗಿದರೆ ಆಯಿತು. ಅಥವಾ ಸುತ್ತಿಗೆ ಸರಿಯಾದ ಜಾಗದಲ್ಲೇ ಇದ್ದು ತಲೆ ವಾಲಿಸಿಕೊಂಡಿರಬಹುದು. ಅದಕ್ಕೆ ಮದ್ದು ದೀಪ. ಮೂರನೆಯದು ಕಣ್ಣಿಗೆ ಬೀಳದ ದೋಷ. ವಿಶ್ರಾಂತಿಯಲ್ಲಿರುವಾಗ ಸುತ್ತಿಗೆ ಎಲ್ಲ ರೀತಿಯಿಂದಲೂ ಸರಿಯಾಗಿಯೇ ಕಾಣುತ್ತದೆ. ಮೇಲೆದ್ದು ತಂತಿಯತ್ತ ಹೊರಟಾಗ ಮಾತ್ರ ದಾರಿ ಬಿಟ್ಟು ಎಡಕ್ಕೋ ಬಲಕ್ಕೋ ಸರಿಯುತ್ತದೆ.

ಈ ಮೂರನೆಯದನ್ನು ಹಿಡಿಯುವ ವಿಧಾನ ಸರಳ. ಸಪಾಟಾದ ಪಟ್ಟಿಯೊಂದನ್ನು ಹತ್ತಾರು ಶ್ಯಾಂಕುಗಳ ಕೆಳಗೆ ತೂರಿಸಿ ಎಲ್ಲವನ್ನೂ ಒಟ್ಟಿಗೆ ನಿಧಾನವಾಗಿ ಎತ್ತುತ್ತಾರೆ. ಏರುತ್ತಿರುವಾಗ ಸುತ್ತಿಗೆ ಸುತ್ತಿಗೆಯ ನಡುವಿನ ಸಂದು ಕೊನೆಯವರೆಗೂ ಒಂದೇ ಸಮ ಇದ್ದರೆ ಸರಿ. ಎಲ್ಲಿಯಾದರೂ ಸಂದು ಕಿರಿದಾಗುತ್ತ ಹೋದರೆ, ಅಲ್ಲಿನ ಇಬ್ಬರು ನೆರೆಯವರಲ್ಲಿ ಒಬ್ಬರ ದಾರಿ ತಪ್ಪಿದೆ. ಆ ಸುತ್ತಿಗೆಯ ಸ್ಕ್ರೂ ಸಡಿಲಿಸಿ, ಫ್ಲ್ಯಾಂಜಿನ ಒಂದು ಬದಿಯ ಅಡಿಗೆ ತೆಳುವಾದ ಅಂಟುಕಾಗದದ ಪಟ್ಟಿ ಇಟ್ಟು ಮತ್ತೆ ಬಿಗಿಯುತ್ತಾರೆ. ಕಾಗದದ ದಪ್ಪ ಬೆರಳಿಗೆ ಹತ್ತಿಯೂ ಹತ್ತದಷ್ಟು. ಆದರೆ ಅದರಿಂದ ಅಚ್ಚು ಒಂದು ಎಳೆಯಷ್ಟು ಓರೆಯಾಗುತ್ತದೆ, ಅಷ್ಟರಿಂದಲೇ ಸುಮಾರು ಹದಿಮೂರು ಸೆಂಟಿಮೀಟರ್ ಆಚೆಗಿನ ಸುತ್ತಿಗೆಯ ದಾರಿ ನೆಟ್ಟಗಾಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಡೊಂಕು ಕಂಡದ್ದು ಸುತ್ತಿಗೆಯಲ್ಲಿ, ಇದ್ದದ್ದು ಬುಡದ ಅಚ್ಚಿನಲ್ಲಿ. ಇನ್ನು, ಅದು ಗೊತ್ತಾದದ್ದು ನೆರೆಯ ಸುತ್ತಿಗೆಯ ಜೊತೆ ಸೇರಿ ನಡೆದಾಗ. ಒಂದೇ ಸುತ್ತಿಗೆಯನ್ನು ಎತ್ತಿ ಇಳಿಸಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ.

ಕೆಲಸದ ಕ್ರಮದ ಬಗ್ಗೆ ಕಸುಬಿನವರು ಬಹಳ ಕಟ್ಟುನಿಟ್ಟು. ಮೊದಲು ನಡೆ ಸರಿಯಾಗಬೇಕು, ಆಮೇಲೆ ನಿಲುವು, ಕೊನೆಗೆ ತಂತಿಗೆ ತಕ್ಕ ಅಂತರ. ಕ್ರಮ ತಪ್ಪಿಸಿ ಮೊದಲೇ ದೀಪ ಹಿಡಿದರೆ ಏನಾಗುತ್ತದೆ? ಓರೆ ಅಚ್ಚಿನ ಮೇಲೆ ಕೂತ ಸುತ್ತಿಗೆಯನ್ನು ಕಾಯಿಸಿ ತಿರುಚಿದರೆ ಕೂತಲ್ಲಿ ಅದು ಚೆಂದವಾಗಿ ನೆಟ್ಟಗೆ ಕಾಣುತ್ತದೆ. ತಂತಿಯ ಹತ್ತಿರ ಬಂದಾಗ ವಾಲಿಕೊಳ್ಳುತ್ತದೆ. ಮುಟ್ಟಬೇಕಾದ ಗಳಿಗೆಯಲ್ಲೇ ತಪ್ಪುತ್ತದೆ. ಮಡಿ, ವ್ರತ, ವೇಷಭೂಷಣಗಳಲ್ಲಿ ಎಲ್ಲವೂ ಒಪ್ಪವಾಗಿದ್ದು, ಮನೆಬಾಗಿಲಿಗೆ ಬಂದ ಹಸಿದವನನ್ನು ಕಂಡಾಗ ಮುಖ ತಿರುಗಿಸುವ ಧಾರ್ಮಿಕತೆಯನ್ನು ನಮ್ಮ ಶರಣರೂ ದಾಸರೂ ಬಿಡದೆ ಝಾಡಿಸಿದ್ದಾರೆ. ಆ ದೋಷದ ರಚನೆ ಇದೇ. ನಿಲುವನ್ನು ತಿದ್ದಿದ್ದಾರೆ, ಅಚ್ಚನ್ನು ಮುಟ್ಟಿಲ್ಲ.

ಮರದ ಡೊಂಕನ್ನು ಮನುಷ್ಯನ ಡೊಂಕಿಗೆ ಹೋಲಿಸಿದವರು ಭಾರತೀಯರಷ್ಟೇ ಅಲ್ಲ. ಚೀನಾದಲ್ಲಿ ಕ್ರಿಸ್ತಪೂರ್ವ ನಾಲ್ಕು ಮತ್ತು ಮೂರನೆಯ ಶತಮಾನಗಳಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಮನುಷ್ಯಸ್ವಭಾವ ನೀರವಂಜಿ ಮರವಿದ್ದಂತೆ, ಧರ್ಮ ಅದರಿಂದ ಮಾಡಿದ ಬಟ್ಟಲಿದ್ದಂತೆ ಎಂದು ಗಾವೊಜಿ ಎಂಬಾತ ವಾದಿಸಿದ. ಮೆನ್ಷಿಯಸ್ ಎದುರು ಪ್ರಶ್ನೆ ಹಾಕಿದ: ಬಟ್ಟಲಾಗಬೇಕಾದರೆ ಮರವನ್ನು ಕಡಿದು ಗಾಸಿ ಮಾಡಬೇಕಲ್ಲ, ಹಾಗಾದರೆ ಸಜ್ಜನನಾಗಬೇಕಾದರೆ ಮನುಷ್ಯನನ್ನೂ ಗಾಸಿ ಮಾಡಬೇಕೇನು? ಅವನ ನಂತರ ಬಂದ ಶುನ್‌ಜಿ ಹಿಂಜರಿಯಲಿಲ್ಲ. ಡೊಂಕು ಮರ ತಾನಾಗಿ ನೆಟ್ಟಗಾಗದು, ಅದನ್ನು ಹಬೆಯಲ್ಲಿ ಬೇಯಿಸಿ ಚೌಕಟ್ಟಿಗೆ ಒತ್ತಬೇಕು. ಮನುಷ್ಯನಿಗೆ ಗುರುವೂ ವಿಧಿಗಳೂ ಆ ಚೌಕಟ್ಟು ಎಂಬುದು ಅವನ ನಿಲುವು. ಇವರಿಬ್ಬರನ್ನೂ ಬದಿಗೆ ಸರಿಸುವಂಥ ಮಾತು ಜುವಾಂಗ್‌ಜಿಯ ಹೆಸರಿನ ಗ್ರಂಥದಲ್ಲಿದೆ. ಮೂಲೆಮಟ್ಟಕ್ಕೂ ಕೈವಾರಕ್ಕೂ ಹೊಂದಬೇಕೆಂಬುದು ಮರದ ಸ್ವಂತ ಆಸೆಯೇ ಎಂದು ಅದು ಬಡಗಿಯನ್ನು ಕೇಳುತ್ತದೆ. ಅದೇ ಗ್ರಂಥದಲ್ಲಿ ಗಂಟುಗಂಟಾಗಿ ಬೆಳೆದು ಯಾವ ಬಡಗಿಗೂ ಬೇಡವಾದ ಮರವೊಂದು ಆ ಕಾರಣಕ್ಕೇ ಕೊಡಲಿಗೆ ಸಿಗದೆ ಉಳಿಯುತ್ತದೆ.

ಜುವಾಂಗ್‌ಜಿಯ ಪ್ರಶ್ನೆ ಕಠಿಣವಾದದ್ದು. ಸಂಸ್ಕಾರದ ಹೆಸರಲ್ಲಿ ಮಕ್ಕಳ ಮೇಲೂ ಹೆಂಗಸರ ಮೇಲೂ ಕೆಳಗಿನವರೆಂದು ಕರೆಸಿಕೊಂಡವರ ಮೇಲೂ ನಡೆದ ಒತ್ತಾಯಗಳನ್ನು ನೆನೆದರೆ ಅದನ್ನು ತಳ್ಳಿಹಾಕಲು ಬಾಯಿ ಬಾರದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಯನ್ನು ಬೆತ್ತದ ಸಮರ್ಥನೆಗೆ ಬಳಸಿದ ಮೇಷ್ಟ್ರುಗಳಿಗೆ ಲೆಕ್ಕವಿಲ್ಲ. ಹಾಗಾದರೆ ತಿದ್ದುವುದೆಲ್ಲ ಹಿಂಸೆಯೇ?

ಪಿಯಾನೋ ಕಟ್ಟುವವರ ಕೆಲಸದಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ. ಅಮೆರಿಕದ ತಯಾರಕರು ಶ್ಯಾಂಕಿಗೆ ಬಹುಕಾಲ ಬಳಸಿದ್ದು ಮೇಪಲ್ ಮರ. ಯೂರೋಪಿನವರಿಗೆ ಹಾರ್ನ್‌ಬೀಮ್ ಇಷ್ಟ. ಶ್ಯಾಂಕಿನಲ್ಲಿ ಮರದ ಎಳೆ ಉದ್ದಕ್ಕೂ ನೆಟ್ಟಗೆ ಹರಿದಿರಬೇಕು; ನಡುವೆ ಎಳೆ ಪಕ್ಕಕ್ಕೆ ಹರಿದರೆ ಕಡ್ಡಿ ತಿರುಚಿಕೊಳ್ಳುತ್ತದೆ, ಮುರಿಯಲೂಬಹುದು. ಅದೇ ಪಿಯಾನೋದ ಹೊರಮೈಯನ್ನು ನೋಡಿ. ಗ್ರ್ಯಾಂಡ್ ಪಿಯಾನೋದ ಆ ದೊಡ್ಡ ಬಳುಕು ಕೂಡ ಮೇಪಲ್ಲೇ. ತೆಳುವಾಗಿ ಸೀಳಿದ ಉದ್ದುದ್ದನೆಯ ಹಲಗೆಗಳಿಗೆ ಅಂಟು ಬಳಿದು, ಪದರದ ಮೇಲೆ ಪದರವಿಟ್ಟು, ಹಲವರು ಸೇರಿ ಒಂದೇ ಸಲಕ್ಕೆ ಅಚ್ಚಿನ ಸುತ್ತ ಬಾಗಿಸಿ ಬಿಗಿಯುತ್ತಾರೆ. ನ್ಯೂಯಾರ್ಕಿನ ಸ್ಟೈನ್‌ವೇ ಕಾರ್ಖಾನೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹೀಗೆಯೇ ನಡೆದುಬಂದಿದೆ. ಬಾಗಿಸಿದ ಮೇಲೆ ಅದು ಹಲವು ವಾರ ಸುಮ್ಮನೆ ಕೂತು ನೆಲೆಗೊಳ್ಳಬೇಕು. ಅಂದರೆ ಒಂದೇ ವಾದ್ಯದಲ್ಲಿ ಒಂದೇ ಜಾತಿಯ ಮರ ಒಂದು ಕಡೆ ಬಾಗಿದ್ದಕ್ಕೆ ಸರಿಯೆನಿಸಿಕೊಳ್ಳುತ್ತದೆ, ಇನ್ನೊಂದು ಕಡೆ ನೆಟ್ಟಗಿದ್ದುದಕ್ಕೆ. ಬಾಗು ತಾನಾಗಿಯೇ ದೋಷವಲ್ಲ, ನೇರ ತಾನಾಗಿಯೇ ಗುಣವಲ್ಲ.

ತಗ್ಗುಸ್ವರದ ಸುತ್ತಿಗೆಗಳು ಇದನ್ನು ಇನ್ನೂ ಸ್ಪಷ್ಟಪಡಿಸುತ್ತವೆ. 1859ರಲ್ಲಿ ಕಿರಿಯ ಹೆನ್ರಿ ಸ್ಟೈನ್‌ವೇ ಗ್ರ್ಯಾಂಡ್ ಪಿಯಾನೋದ ತಗ್ಗುಸ್ವರದ ತಂತಿಗಳನ್ನು ಉಳಿದವುಗಳ ಮೇಲಿಂದ ಅಡ್ಡಲಾಗಿ ಹಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಕ್ರಮೇಣ ಎಲ್ಲರೂ ಅದನ್ನೇ ಅನುಸರಿಸಿದರು. ತಂತಿ ಓರೆಯಾಗಿ ಹಾಯುವಾಗ ಅದನ್ನು ಬಡಿಯುವ ಸುತ್ತಿಗೆಯೂ ಅದೇ ಕೋನಕ್ಕೆ ತಿರುಗಿರಬೇಕು. ಹಾಗಾಗಿ ಆ ಭಾಗದ ಸುತ್ತಿಗೆಗಳನ್ನು ಶ್ಯಾಂಕಿಗೆ ಓರೆಯಾಗಿಯೇ ಕೂರಿಸುತ್ತಾರೆ. ಮೂಲೆಮಟ್ಟ ಹಿಡಿದು ನೋಡಿದವರಿಗೆ ಅವೆಲ್ಲ ಡೊಂಕು. ತಂತಿಯನ್ನು ಬಲ್ಲವರಿಗೆ ಅವೇ ನೇರ. ಅವನ್ನು ಮೂಲೆಮಟ್ಟಕ್ಕೆ ಸರಿಯಾಗಿ ತಿದ್ದಿದರೆ ವಾದ್ಯ ಕೆಡುತ್ತದೆ.

ಇನ್ನೊಂದು ಪದ್ಧತಿ ಇದೆ, ಅದು ಮನಸ್ಸಿಗೆ ಬಹಳ ಹಿಡಿಸುವಂಥದು. ಹೊಸ ಶ್ಯಾಂಕುಗಳನ್ನು ಕೂರಿಸುವ ಮೊದಲು ಕೆಲವು ತಂತ್ರಜ್ಞರು ಒಂದೊಂದನ್ನೇ ಗಟ್ಟಿ ಮೇಜಿನ ಮೇಲೆ ಬೀಳಿಸಿ ಅದರ ಸದ್ದು ಕೇಳುತ್ತಾರೆ. ಬಿಗಿಯಾದ ಮರ ಏರುದನಿಯಲ್ಲಿ ಟಣ್ಣೆನ್ನುತ್ತದೆ, ಸಡಿಲಾದದ್ದು ತಗ್ಗಿದ ದನಿ ಕೊಡುತ್ತದೆ. ತಗ್ಗುದನಿಯವನ್ನು ಎಸೆಯುವುದಿಲ್ಲ. ಏರುದನಿಯವನ್ನು ಮೇಲಿನ ಸ್ವರಗಳಿಗೆ, ತಗ್ಗುದನಿಯವನ್ನು ಕೆಳಗಿನ ಸ್ವರಗಳಿಗೆ ಹಂಚುತ್ತಾರೆ. ಕಾರ್ಖಾನೆ ಒಂದೇ ಅಳತೆಯಲ್ಲಿ ಕಡೆದು ಕಳಿಸಿದ ಕಡ್ಡಿಗಳಲ್ಲೂ ಒಳಗಿನ ಭೇದ ಉಳಿದೇ ಇರುತ್ತದೆ. ಬಲ್ಲವರ ಕೈಯಲ್ಲಿ ಆ ಭೇದಕ್ಕೆ ಒಂದು ಜಾಗ ಸಿಗುತ್ತದೆ. ಜುವಾಂಗ್‌ಜಿಯ ಬಡಗಿ ಮರದ ಮಾತನ್ನು ಕೇಳಲಿಲ್ಲ ಎಂಬುದೇ ದೂರಾಗಿದ್ದರೆ, ಇಲ್ಲಿ ಮೊದಲು ನಡೆಯುವುದೇ ಕೇಳುವ ಕೆಲಸ.

ಪಾಶ್ಚಾತ್ಯ ಚಿಂತನೆಯಲ್ಲಿ ಈ ಮರದ ಮಾತು ಅರಿಸ್ಟಾಟಲನಷ್ಟು ಹಳೆಯದು. ನಿಕೊಮಾಕಿಯನ್ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ ಅವನು ಹೇಳುವುದು ಇಷ್ಟು: ನಾವು ಯಾವ ಕಡೆಗೆ ಸಹಜವಾಗಿ ವಾಲುತ್ತೇವೆಂದು ತಿಳಿದುಕೊಂಡು ಅದರ ವಿರುದ್ಧ ದಿಕ್ಕಿಗೆ ನಮ್ಮನ್ನು ಎಳೆದುಕೊಳ್ಳಬೇಕು, ಡೊಂಕು ಕೋಲನ್ನು ನೆಟ್ಟಗೆ ಮಾಡುವವರು ಹಾಗೆಯೇ ಮಾಡುತ್ತಾರೆ. ದೀಪ ಹಿಡಿದು ಕೂತವರಿಗೆ ಇದು ಅನುಭವದ ಮಾತು. ಮರ ಸ್ವಲ್ಪ ಹಿಂದಕ್ಕೆ ಸೆಟೆದುಕೊಳ್ಳುತ್ತದೆಂದು ಗೊತ್ತಿರುವುದರಿಂದ ಅವರು ಬೇಕಾದ ಕೋನಕ್ಕಿಂತ ಒಂದು ಕೂದಲೆಳೆ ಹೆಚ್ಚೇ ತಿರುಗಿಸುತ್ತಾರೆ. ಎಷ್ಟು ಹೆಚ್ಚು ಎಂಬುದಕ್ಕೆ ಕೋಷ್ಟಕವಿಲ್ಲ. ಆಯಾ ಕಡ್ಡಿಯೇ ಹೇಳಬೇಕು.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಇಮ್ಯಾನುಯೆಲ್ ಕಾಂಟನ ಮಾತು. 1784ರಲ್ಲಿ ಬರೆದ ವಿಶ್ವ ಇತಿಹಾಸದ ಕುರಿತಾದ ಪ್ರಬಂಧದಲ್ಲಿ, ಮನುಷ್ಯ ಎಂಥ ಡೊಂಕು ಮರದಿಂದ ಆಗಿದ್ದಾನೆಂದರೆ ಅದರಿಂದ ಪೂರ್ತಿ ನೇರವಾದ ಯಾವುದನ್ನೂ ಕೆತ್ತಲಾಗದು ಎಂದ. ಇಪ್ಪತ್ತನೆಯ ಶತಮಾನದಲ್ಲಿ ಐಸಾಯ ಬರ್ಲಿನ್ ಈ ಮಾತನ್ನು ಎತ್ತಿಹಿಡಿದು, 1990ರ ತನ್ನ ಪ್ರಬಂಧ ಸಂಕಲನದ ಹೆಸರನ್ನೂ ಅದರಿಂದಲೇ ತೆಗೆದುಕೊಂಡ. ಮನುಷ್ಯರನ್ನು ಒಂದೇ ಅಚ್ಚಿಗೆ ಒತ್ತಿ ನೇರ ಮಾಡಹೊರಟ ರಾಜಕೀಯ ಸಿದ್ಧಾಂತಗಳು ರಕ್ತ ಹರಿಸಿದ್ದನ್ನು ಕಂಡವನು ಅವನು. ಕಾಂಟನ ಮಾತಿನಲ್ಲಿ ಅವನಿಗೆ ಕಂಡದ್ದು ಎಚ್ಚರಿಕೆ. ಆ ಎಚ್ಚರಿಕೆ ಇಂದಿಗೂ ಬೇಕು.

ಆದರೆ ಕಾಂಟನ ಪ್ರಬಂಧದಲ್ಲಿ ಮರ ಒಂದಲ್ಲ, ಎರಡು ಸಲ ಬರುತ್ತದೆ. ಡೊಂಕು ಮರದ ಮಾತು ಆರನೆಯ ಪ್ರತಿಪಾದನೆಯಲ್ಲಿದೆ. ಅದಕ್ಕೆ ಮೊದಲು, ಐದನೆಯದರಲ್ಲಿ, ಅವನು ಕಾಡಿನ ಮರಗಳ ಬಗ್ಗೆ ಬರೆಯುತ್ತಾನೆ. ಒತ್ತಾಗಿ ಬೆಳೆದ ಮರಗಳು ಗಾಳಿ ಬೆಳಕಿಗಾಗಿ ಪೈಪೋಟಿ ನಡೆಸುತ್ತ ಒಂದನ್ನೊಂದು ಮೇಲಕ್ಕೆ ತಳ್ಳಿ ನೆಟ್ಟಗೆ ಬೆಳೆಯುತ್ತವೆ. ಬಯಲಲ್ಲಿ ಒಂಟಿಯಾಗಿ, ಮನಬಂದತ್ತ ಕೊಂಬೆ ಚಾಚಿದ ಮರ ಕುಳ್ಳಾಗಿ ಸೊಟ್ಟಗೆ ಬೆಳೆಯುತ್ತದೆ. ಜನ ಉದ್ಧರಿಸುವುದು ಯಾವಾಗಲೂ ಆರನೆಯದನ್ನು. ಐದನೆಯದು ಮರೆತೇಹೋಗಿದೆ. ವಾದ್ಯ ತಯಾರಿಸುವವರಿಗೆ ಮಾತ್ರ ಅದು ಗೊತ್ತಿರುವ ವಿಷಯ. ಪಿಯಾನೋದ ನಾದಫಲಕಕ್ಕೆ ಬಳಸುವ ಸ್ಪ್ರೂಸ್ ಮರ ಒತ್ತಾದ ಕಾಡಿನಲ್ಲಿ ನಿಧಾನವಾಗಿ ಬೆಳೆದದ್ದಾಗಿರಬೇಕು. ಆಗಲೇ ಅದರ ಎಳೆ ನೇರ, ಉಂಗುರ ಬಿಗಿ. ಇಟಲಿಯ ಫಾಟ್ಸಿಯೋಲಿ ಪಿಯಾನೋಗಳಿಗೆ ಈ ಮರ ಆಲ್ಪ್ಸ್ ಸೀಮೆಯ ಫಿಯೆಮೆ ಕಣಿವೆಯ ಕಾಡುಗಳಿಂದ ಬರುತ್ತದೆ.

ಕಾಂಟನನ್ನು ನಿಜವಾಗಿ ಕಾಡಿದ ತೊಡಕು ಬೇರೆಯದು. ಮನುಷ್ಯನಿಗೆ ಒಬ್ಬ ಒಡೆಯ ಬೇಕು, ಆದರೆ ಆ ಒಡೆಯನೂ ಮನುಷ್ಯನೇ, ಅವನಿಗೂ ಒಡೆಯ ಬೇಕು. ತಿದ್ದುವವನನ್ನು ತಿದ್ದುವವರು ಯಾರು? ಈ ತೊಡಕಿಗೆ ಪರಿಹಾರವಿಲ್ಲವೆಂದು ತೋರಿದ್ದರಿಂದಲೇ ಅವನ ಬಾಯಲ್ಲಿ ಡೊಂಕು ಮರದ ಮಾತು ಬಂತು. ಪಿಯಾನೋದ ಒಳಗೂ ಇದೇ ತೊಡಕಿದೆ. ಸುತ್ತಿಗೆಗೆ ಅಳತೆಗೋಲು ತಂತಿ. ತಂತಿಯೇ ಸರಿಯಿಲ್ಲದಿದ್ದರೆ? ಮೂರು ತಂತಿಗಳಲ್ಲಿ ಒಂದು ತಗ್ಗಿದ್ದರೆ ಸುತ್ತಿಗೆ ಎಷ್ಟೇ ನೆಟ್ಟಗಿದ್ದರೂ ಮೂರನ್ನೂ ಒಟ್ಟಿಗೆ ಮುಟ್ಟಲಾರದು. ಆದ್ದರಿಂದ ಒಳ್ಳೆಯ ಕೆಲಸಗಾರರು ತಂತಿಯ ಮಟ್ಟವನ್ನೂ ಅಂತರವನ್ನೂ ನೋಡುತ್ತಾರೆ, ಸಣ್ಣ ಕೊಕ್ಕೆಯಿಂದ ತಂತಿಯನ್ನು ಮೇಲೆತ್ತಿ ಸಮ ಮಾಡುತ್ತಾರೆ, ಆಮೇಲೆ ಮತ್ತೆ ಸುತ್ತಿಗೆಗೆ ಬರುತ್ತಾರೆ. ಒಂದನ್ನು ನೋಡಿ ಇನ್ನೊಂದು, ಇನ್ನೊಂದನ್ನು ನೋಡಿ ಮತ್ತೆ ಮೊದಲನೆಯದು. ಎಲ್ಲವನ್ನೂ ಅಳೆಯುವ, ತಾನು ಮಾತ್ರ ಅಳತೆಗೆ ಸಿಗದ ಒಡೆಯ ಇಲ್ಲಿ ಬೇಕಾಗಿಯೇ ಇಲ್ಲ.

ಶಾಶ್ವತವಾದ ಅಳತೆಯೊಂದು ಇದ್ದೇ ಇದೆ ಎಂದು ನಂಬಿದವರೂ ಉಂಟು, ಅವರಲ್ಲಿ ಒಬ್ಬರಿಗೆ ಮೈಸೂರಿನ ನಂಟೂ ಉಂಟು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ 1935ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಸಂಗೀತದ ನಿಯಮಗಳು ಸನಾತನ, ಹೊಸಬರು ಅವುಗಳಿಂದ ದೂರ ಸರಿದಿದ್ದಾರೆ ಎಂದು ವಾದಿಸಿದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ನೆರವಾದವರು ಸ್ವತಃ ಪಿಯಾನೋ ಕಲಿತಿದ್ದ ಜಯಚಾಮರಾಜ ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಅವರ ನಂಬಿಕೆ ಗೌರವಕ್ಕೆ ಅರ್ಹ. ಆದರೆ ಅವರು ನುಡಿಸಿದ ವಾದ್ಯವೇ ಆ ನಂಬಿಕೆಗೆ ಪೂರ್ತಿ ಒಪ್ಪುವುದಿಲ್ಲ. ಪಿಯಾನೋದ ಶ್ರುತಿಯಲ್ಲಿ ಸ್ವರಾಂತರಗಳೆಲ್ಲ ಶುದ್ಧ ಪ್ರಮಾಣದಿಂದ ಒಂದಿಷ್ಟು ಸರಿದಿರುತ್ತವೆ, ಎಲ್ಲ ಸ್ವರಗಳೂ ಒಟ್ಟಿಗೆ ಬಾಳಬೇಕೆಂಬ ಕಾರಣಕ್ಕೆ.

ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಲೋಕದ ಡೊಂಕಿನ ಬಗ್ಗೆ ಆಡಿದ ವಚನ ಕನ್ನಡಿಗರಿಗೆಲ್ಲ ಗೊತ್ತು. ಊರನ್ನು ತಿದ್ದಲು ಹೊರಡುವ ಮೊದಲು ನಿಮ್ಮ ತನುವನ್ನೂ ಮನವನ್ನೂ ನೋಡಿಕೊಳ್ಳಿ ಎಂಬುದು ಅದರ ಆಶಯ. ಮೇಲುನೋಟಕ್ಕೆ ಇದು ಬಾಣಗಾರನ ಪಾಠವೇ: ಒಂದು ಕಣ್ಣು ಮುಚ್ಚು, ನಿನ್ನ ಕಡ್ಡಿಯನ್ನು ನೋಡು. ಹಾಗೆಂದುಕೊಂಡು ಸಮಾಜದ ಗೊಡವೆ ಬಿಡಲು ಈ ವಚನವನ್ನೇ ನೆಪ ಮಾಡಿಕೊಂಡವರೂ ಇದ್ದಾರೆ. ಆದರೆ ಅದನ್ನು ಆಡಿದವರು ಗುಹೆ ಸೇರಿದವರಲ್ಲ. ಬಿಜ್ಜಳನ ಭಂಡಾರ ನೋಡಿಕೊಂಡವರು, ಕಲ್ಯಾಣದಲ್ಲಿ ಶರಣರನ್ನು ಕೂಡಿಸಿದವರು. ಪರಂಪರೆ ಆ ಕೂಟವನ್ನು ಅನುಭವಮಂಟಪವೆನ್ನುತ್ತದೆ. ಹದಿನೈದನೆಯ ಶತಮಾನದ ಶೂನ್ಯಸಂಪಾದನೆ ಅದನ್ನು ಚಿತ್ರಿಸುವ ರೀತಿ ನೋಡಿದರೆ ಅಲ್ಲಿ ಪರೀಕ್ಷೆಗೆ ಒಳಗಾಗದವರೇ ಇಲ್ಲ. ಅಕ್ಕಮಹಾದೇವಿ ಬಂದಾಗ ಅಲ್ಲಮ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ. ಕೆರೆ ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನ ಒಳಗಿನ ಕರ್ತೃತ್ವದ ಅಹಂಕಾರವನ್ನು ಅಲ್ಲಮನೇ ಎತ್ತಿ ತೋರಿಸುತ್ತಾನೆ. ಬಸವಣ್ಣನವರಿಗೂ ರಿಯಾಯಿತಿ ಇಲ್ಲ. ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬುದು ನಿಜವೇ. ಎಲ್ಲಿ ತಿದ್ದಿಕೊಳ್ಳಬೇಕೆಂಬುದು ಜೊತೆಗಿದ್ದವರ ನಡುವೆ ನಡೆದಾಗಲೇ ಕಂಡದ್ದು.

ಮಹಾಜನಕನ ಕತೆಗೆ ಈ ದೃಷ್ಟಿಯಿಂದ ಒಂದು ಪ್ರಶ್ನೆ ಕೇಳಬಹುದು. ಸೀವಲಿಯನ್ನು ಹಿಂದೆ ಬಿಟ್ಟು ನಡೆದ ಮೇಲೆ ತನ್ನಲ್ಲಿ ಇನ್ನೇನು ಡೊಂಕು ಉಳಿದಿದೆಯೆಂದು ಅವನಿಗೆ ತೋರಿಸುವವರು ಯಾರಿದ್ದರು? ವೈರಾಗ್ಯದ ದಾರಿಯನ್ನು ಹಗುರವಾಗಿ ಕಾಣುವ ಪ್ರಶ್ನೆ ಇದಲ್ಲ. ಬುದ್ಧನೇ ಭಿಕ್ಷುಗಳನ್ನು ಒಂಟಿಯಾಗಿ ಬಿಡಲಿಲ್ಲ, ಸಂಘ ಕಟ್ಟಿದ. ಮಳೆಗಾಲದ ವಾಸ ಮುಗಿದ ದಿನ ಪ್ರತಿ ಭಿಕ್ಷುವೂ ತನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪುಗಳನ್ನು ಹೇಳಿರೆಂದು ಉಳಿದವರನ್ನು ಬೇಡಿಕೊಳ್ಳುವ ಪವಾರಣೆ ಎಂಬ ವಿಧಿಯನ್ನು ವಿನಯಪಿಟಕ ಗೊತ್ತುಮಾಡಿದೆ. ಅಲ್ಲಿ ಎರಡೂ ಕಣ್ಣು ತೆರೆದಿರುತ್ತವೆ.

ಇತ್ತೀಚಿನ ದಶಕಗಳಲ್ಲಿ ಮರದ ಶ್ಯಾಂಕಿನ ಬದಲಿಗೆ ಕಾರ್ಬನ್ ನಾರಿನ ಕೊಳವೆಯಂಥ ಶ್ಯಾಂಕ್ ಬಂದಿದೆ. ಅಮೆರಿಕದ ವೆಸೆಲ್, ನಿಕಲ್ ಅಂಡ್ ಗ್ರೋಸ್ ಇದಕ್ಕೆ ಹೆಸರಾದ ಸಂಸ್ಥೆ. ಜಪಾನಿನ ಕವಾಯ್ ಇನ್ನೂ ಮೊದಲೇ, 1970ರ ದಶಕದಲ್ಲಿ, ಈ ಯಂತ್ರಭಾಗದ ಕೆಲವು ತುಂಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡತೊಡಗಿತ್ತು. ಕಾರ್ಬನ್ ಶ್ಯಾಂಕಿಗೆ ಮಳೆಗಾಲದ ತೇವ ತಟ್ಟುವುದಿಲ್ಲ, ಬೇಸಿಗೆಯ ಒಣಹವೆಗೆ ಅದು ತಿರುಚುವುದಿಲ್ಲ. ಮೆನ್ಷಿಯಸ್ಸೂ ಶುನ್‌ಜಿಯೂ ಜಗಳವಾಡಿದ ಸ್ವಭಾವದ ತೊಡಕೇ ಅಲ್ಲಿಲ್ಲ. ಆದರೂ ಕೆಲಸ ತಪ್ಪಿಲ್ಲ. ಅಂಥ ಶ್ಯಾಂಕುಗಳನ್ನು ಜೋಡಿಸಿದವರೂ ಒಂದೊಂದು ಸುತ್ತಿಗೆಯನ್ನೂ ಅದರದರ ತಂತಿಗೆ ಹೊಂದಿಸಿ ಕೂರಿಸಲೇಬೇಕು. ಮೇಲಾಗಿ, ಮರದ ಶ್ಯಾಂಕಿನ ಹಾಗೆ ದೀಪದ ಬಿಸಿಗೆ ಹಿಡಿದು ತಿರುಗಿಸಲು ಅದು ಬಗ್ಗುವುದಿಲ್ಲ. ಅಂಟಿಸುವಾಗ ಓರೆಯಾಗಿ ಕೂತ ಸುತ್ತಿಗೆಯನ್ನು ಕಿತ್ತು ಮತ್ತೆ ಅಂಟಿಸಬೇಕಾಗುತ್ತದೆ.